ಮಿಡಿ ವಾದ್ಯದ ಸ್ವರ ನಡುಗುತ್ತಿದ್ದರೆ ಏನು ಮಾಡಬೇಕು?

ಮಿಡಿಯಲ್ಲಿ (ಸ್ವರಗಳನ್ನು ಧ್ವನಿಯಾಗಿ ಅಲ್ಲದೆ ಸಂದೇಶಗಳಾಗಿ ಬರೆದಿಡುವ ಪದ್ಧತಿ) ಕೊಳಲಿಗೋ ಪಿಟೀಲಿಗೋ ಉದ್ದನೆಯ ಸ್ವರ ಬರೆದಿರುತ್ತೀರಿ, ಕೇಳಿದರೆ ಅದು ನೆಟ್ಟಗೆ ನಿಲ್ಲದೆ ನಡುಗುತ್ತದೆ. ಈ ನಡುಕ, ಅಂದರೆ ವೈಬ್ರಾಟೊ, ಫೈಲಿನೊಳಗಿನ ಕಂಟ್ರೋಲರ್ ಸಂದೇಶಗಳಿಂದ ಬಂದಿರಬಹುದು, ಸಿಂಥ್‌ನ ಎಲ್ಎಫ್ಒದಿಂದ (ಸ್ವರವನ್ನು ನಿಧಾನವಾಗಿ ಏರಿಳಿಸುವ ಆಸಿಲೇಟರ್) ಬಂದಿರಬಹುದು, ಇಲ್ಲವೇ ಸ್ಯಾಂಪಲ್ (ನಿಜ ವಾದ್ಯದ ಧ್ವನಿಯ ತುಣುಕು) ರೆಕಾರ್ಡ್ ಮಾಡುವಾಗ ವಾದಕರೇ ನುಡಿಸಿದ್ದಿರಬಹುದು. ಯಾವುದೆಂದು ಗೊತ್ತಾಗುವ ಮೊದಲೇ ನಾಬ್ ತಿರುಗಿಸುತ್ತಾ ಕೂತರೆ ಹೊತ್ತು ಹೋಗುತ್ತದೆ, ನಡುಕ ಹೋಗುವುದಿಲ್ಲ.

ಮೊದಲು ಖಾಲಿ ಪ್ರಾಜೆಕ್ಟ್ ತೆರೆದು ಅದೇ ವಾದ್ಯ ಹಾಕಿ. ಕೀಬೋರ್ಡ್ ಮುಟ್ಟದೆ, ಮೌಸ್‌ನಿಂದಲೇ ನೋಟ್ 60 (ಕೀಬೋರ್ಡಿನ ನಡುವಿನ ಸಿ) ಅನ್ನು ಎಂಟು ಸೆಕೆಂಡಿನಷ್ಟು ಉದ್ದಕ್ಕೆ ಎಳೆಯಿರಿ. ರಿವರ್ಬ್ (ಅನುರಣನ), ಕೋರಸ್ (ಒಂದು ದನಿಯನ್ನು ಹಲವು ದನಿಗಳಂತೆ ಕೇಳಿಸುವ ಪರಿಣಾಮ) ಎರಡನ್ನೂ ಆಫ್ ಮಾಡಿ ಕೇಳಿ. ಕೋರಸ್ ಅನ್ನು ವೈಬ್ರಾಟೊ ಎಂದುಕೊಳ್ಳುವವರು ಬಹಳ. ಫ್ಲೂಯಿಡ್‌ಸಿಂಥ್ ಎಂಬ ಸಾಫ್ಟ್‌ವೇರ್ ಸಿಂಥ್‌ನಲ್ಲಂತೂ ಅದು ಮೊದಲಿನಿಂದಲೇ ಆನ್ ಆಗಿರುತ್ತದೆ.

ಇಲ್ಲಿ ಸ್ವರ ನೆಟ್ಟಗಿದ್ದರೆ ತಪ್ಪು ಹಳೆಯ ಫೈಲಿನದು. ಅದರ ಈವೆಂಟ್ ಲಿಸ್ಟ್ ತೆರೆದು ಸಿಸಿ 1 (1ನೇ ನಂಬರಿನ ಕಂಟ್ರೋಲರ್ ಸಂದೇಶ), ಅಂದರೆ ಮಾಡ್ಯುಲೇಶನ್ ವೀಲ್, ಹುಡುಕಿ. ಸಿಕ್ಕಿದ್ದನ್ನೆಲ್ಲ ಅಳಿಸಿದರೆ ಸಾಲದು: ಸಿಂಥ್ ತನಗೆ ಕೊನೆಗೆ ಬಂದ ಮೌಲ್ಯವನ್ನೇ ಹಿಡಿದುಕೊಂಡಿರುತ್ತದೆ. ಅದು 90 ಆಗಿದ್ದರೆ, ಅಳಿಸಿದ ಮೇಲೂ 90ರಲ್ಲೇ ನಡುಗುತ್ತದೆ. ಆದ್ದರಿಂದ ಮೊದಲ ಸ್ವರಕ್ಕಿಂತ ತುಸು ಮುಂಚೆ ಸಿಸಿ 1ಕ್ಕೆ 0 ಬರೆಯಿರಿ. ಚಾನೆಲ್ ಆಫ್ಟರ್‌ಟಚ್ ಕೂಡ ನೋಡಿ. ಕೀ ಒತ್ತಿ ಹಿಡಿದಾಗ ಬೆರಳಿನ ಭಾರಕ್ಕೆ ಅದು ತಾನಾಗಿಯೇ ರೆಕಾರ್ಡ್ ಆಗುತ್ತದೆ. ಬೇಡವೆಂದರೆ ಇನ್‌ಪುಟ್ ಫಿಲ್ಟರ್‌ನಲ್ಲೇ ತಡೆಯಿರಿ. ಪಿಚ್ ಬೆಂಡ್ (ಶ್ರುತಿ ಬಾಗಿಸುವ ಸಂದೇಶ) ಗೆರೆ ಅಲೆಅಲೆಯಾಗಿದ್ದರೆ ಅಳಿಸಿ ನಡುಬಿಂದುವಾದ 8192ಕ್ಕೆ ತನ್ನಿ (ಕೆಲವು ಸಾಫ್ಟ್‌ವೇರ್ ಇದನ್ನೇ 0 ಎಂದು ತೋರಿಸುತ್ತವೆ).

ಸಿಸಿ 121, ಅಂದರೆ ರೀಸೆಟ್ ಆಲ್ ಕಂಟ್ರೋಲರ್ಸ್, ಕಳಿಸಿದರೆ ಇವು ಮೂರೂ ಮೊದಲಿನ ಸ್ಥಿತಿಗೆ ಬರುತ್ತವೆ. ಆದರೆ ವೈಬ್ರಾಟೊದ ವೇಗ, ಆಳ, ವಿಳಂಬ ನಿಯಂತ್ರಿಸುವ ಸಿಸಿ 76, 77, 78 ಅದಕ್ಕೆ ಬಗ್ಗುವುದಿಲ್ಲ. ಇವುಗಳ ನಡುಬಿಂದು 64; ಸಿಂಥ್ ಇವಕ್ಕೆ ಸ್ಪಂದಿಸುವುದಾದರೆ 77ನ್ನು ಇಳಿಸಿ ಕೇಳಿ.

ಖಾಲಿ ಪ್ರಾಜೆಕ್ಟಿನಲ್ಲೂ ನಡುಗುತ್ತಿದ್ದರೆ ಅದು ಎಲ್ಎಫ್ಒದ್ದೋ ಸ್ಯಾಂಪಲ್‌ನದ್ದೋ ತಿಳಿಯಬೇಕು. ನೋಟ್ 60 ನುಡಿಸಿ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆಂದು ಎಣಿಸಿ, 5 ಸಲ ಎನ್ನಿ. ಈಗ ಐದು ಸೆಮಿಟೋನ್ ಮೇಲಿನ 65 ನುಡಿಸಿ. ಎಲ್ಎಫ್ಒ ಆದರೆ ಸಾಮಾನ್ಯವಾಗಿ ಆಗಲೂ 5 ಸಲವೇ. ಅದೇ ಸ್ಯಾಂಪಲ್ ಅನ್ನು ವೇಗವಾಗಿ ಓಡಿಸಿ ಶ್ರುತಿ ಏರಿಸಿದ್ದರೆ ನಡುಕವೂ ಸುಮಾರು ಮೂರನೇ ಒಂದರಷ್ಟು ಚುರುಕಾಗಿ 6.7ರ ಹತ್ತಿರ ಬರುತ್ತದೆ. ಸ್ವರದಿಂದ ಸ್ವರಕ್ಕೆ ಮೇಲೇರುವಾಗ ಒಂದು ಕಡೆ ವೇಗ ತಟ್ಟನೆ ಇಳಿದರೆ ಅಲ್ಲಿಂದ ಬೇರೆ ಸ್ಯಾಂಪಲ್ ಶುರುವಾಗಿದೆ ಎಂದರ್ಥ.

ಎಲ್ಎಫ್ಒ ಆಗಿದ್ದರೆ ವಾದ್ಯದ ಸೌಂಡ್‌ಫಾಂಟ್ (ಸ್ಯಾಂಪಲ್‌ಗಳೂ ಸೆಟ್ಟಿಂಗ್‌ಗಳೂ ಇರುವ ಫೈಲ್) ಅನ್ನು ಪಾಲಿಫೋನ್ ಎಂಬ ಸೌಂಡ್‌ಫಾಂಟ್ ಎಡಿಟರ್‌ನಲ್ಲಿ ತೆರೆಯಿರಿ; ಮೂಲ ಫೈಲಿನ ನಕಲು ಇಟ್ಟುಕೊಂಡೇ. ವೈಬ್ರಾಟೊ ಎಲ್ಎಫ್ಒ ಪಿಚ್ ಮೇಲೆ ಬೀರುವ ಪರಿಣಾಮ ಸೆಂಟ್‌ಗಳಲ್ಲಿ (ಸೆಮಿಟೋನ್‌ನ ನೂರನೇ ಒಂದು ಭಾಗ) ಇರುತ್ತದೆ, ಅದನ್ನು 0 ಮಾಡಿ. ಮಾಡ್ಯುಲೇಶನ್ ಎಲ್ಎಫ್ಒಗೂ ಹೀಗೆಯೇ. ಇನ್‌ಸ್ಟ್ರುಮೆಂಟ್‌ನಲ್ಲಿ ತೆಗೆದರೂ ನಡುಕ ಉಳಿದರೆ ಅದರ ಮೇಲಿನ ಮಟ್ಟವಾದ ಪ್ರೀಸೆಟ್ ನೋಡಿ: ಪ್ರೀಸೆಟ್‌ನ ಮೌಲ್ಯ ಇನ್‌ಸ್ಟ್ರುಮೆಂಟ್‌ನದಕ್ಕೆ ಕೂಡಿಕೊಳ್ಳುತ್ತದೆ. ಇದಲ್ಲದೆ ಸೌಂಡ್‌ಫಾಂಟ್ 2.01ರ ನಿಯಮದಂತೆ ಮಾಡ್ಯುಲೇಶನ್ ವೀಲ್‌ಗೂ ಚಾನೆಲ್ ಆಫ್ಟರ್‌ಟಚ್‌ಗೂ ತಲಾ 50 ಸೆಂಟ್ ವೈಬ್ರಾಟೊ ತಾನಾಗಿಯೇ ಅಂಟಿಕೊಂಡಿರುತ್ತದೆ. ಅದು ಬೇಡವಾದರೆ ಇನ್‌ಸ್ಟ್ರುಮೆಂಟ್ ಮಟ್ಟದಲ್ಲಿ ಅಂಥದೇ ಮಾಡ್ಯುಲೇಟರ್ (ಕಂಟ್ರೋಲರ್ ಅನ್ನು ವೈಬ್ರಾಟೊಗೆ ಜೋಡಿಸುವ ಕೊಂಡಿ) ಸೇರಿಸಿ ಪ್ರಮಾಣಕ್ಕೆ 0 ಕೊಡಿ.

ಸ್ಯಾಂಪಲ್‌ನಲ್ಲೇ ಬೆರೆತಿದ್ದರೆ ಯಾವ ಕಂಟ್ರೋಲರ್‌ಗೂ ಅದನ್ನು ಬಿಡಿಸಲಾಗದು. ವೈಬ್ರಾಟೊ ಇಲ್ಲದ ಬೇರೆ ಪ್ಯಾಚ್ ಹುಡುಕುವುದೇ ಜಾಣತನ. ಹುಡುಕಿದರೂ ಸಿಗದಿದ್ದರೆ ವೇವ್‌ಫಾರ್ಮ್ ನೋಡಿ: ಎಷ್ಟೋ ಸ್ಯಾಂಪಲ್‌ಗಳಲ್ಲಿ ಆರಂಭದ ತುಣುಕು ನೆಟ್ಟಗಿದ್ದು ನಡುಕ ಆಮೇಲೆ ಶುರುವಾಗುತ್ತದೆ. ಲೂಪ್‌ನ (ಸ್ವರ ಹಿಡಿದಿರುವಾಗ ಮತ್ತೆ ಮತ್ತೆ ನುಡಿಯುವ ಭಾಗ) ಎರಡೂ ತುದಿಗಳನ್ನು ಆ ನೆಟ್ಟಗಿನ ಭಾಗಕ್ಕೆ ಸರಿಸಿ. ಲೂಪ್ ತೀರಾ ಗಿಡ್ಡವಾದರೆ ಪಿಟೀಲು ಹಾರ್ಮೋನಿಯಂನಂತೆ ಜೀವವಿಲ್ಲದೆ ಕೂಗುತ್ತದೆ, ಕಿವಿಗೊಟ್ಟು ಸರಿಪಡಿಸಿಕೊಳ್ಳಿ. ಟ್ರ್ಯಾಕನ್ನು ಆಡಿಯೊಗೆ ಇಳಿಸಿ ಪಿಚ್ ತಿದ್ದುವ ಸಾಫ್ಟ್‌ವೇರ್‌ನಿಂದ ನಡುಕವನ್ನು ಚಪ್ಪಟೆ ಮಾಡುವುದೂ ಉಂಟು. ಒಂದು ಸಲಕ್ಕೆ ಒಂದೇ ಸ್ವರ ಇರುವ ಟ್ರ್ಯಾಕಿಗೆ ಅದು ಸಲೀಸು. ತಂತಿವಾದ್ಯ ಮೇಳದ ಸ್ಯಾಂಪಲ್‌ಗೆ ಮಾತ್ರ ಪ್ರಯತ್ನಿಸಬೇಡಿ, ಹತ್ತಾರು ಪಿಟೀಲುಗಳು ಒಂದೊಂದೂ ತನ್ನದೇ ಲಯದಲ್ಲಿ ನಡುಗುತ್ತಿರುತ್ತವೆ.