ಬ್ಯಾಂಕಾಕ್‌ನ ಚತುಚಕ್ ಸಂತೆಗೆ ಹೋಗುವವರಿಗೆ

ಬ್ಯಾಂಕಾಕ್‌ಗೆ ಹೋಗುವವರು ಒಂದು ಶನಿವಾರ ಇಲ್ಲವೇ ಭಾನುವಾರವನ್ನು ಚತುಚಕ್ ಸಂತೆಗೆ ಇಟ್ಟುಕೊಳ್ಳಿ. ಸ್ಕೈಟ್ರೇನ್‌ನಲ್ಲಿ ಮೋ ಚಿತ್ ಸ್ಟೇಷನ್‌ನಲ್ಲಿ ಇಳಿದು ಜನ ಹೋಗುವ ಕಡೆ ನಡೆದರೆ ಆಯ್ತು. ಬೆಳಿಗ್ಗೆ ಹತ್ತರ ಹೊತ್ತಿಗೇ ಒಳಗಿರಿ. ಮಧ್ಯಾಹ್ನದ ಸೆಕೆಗೆ ಚೌಕಾಸಿ ಮಾಡುವ ಹುಮ್ಮಸ್ಸೇ ಇರುವುದಿಲ್ಲ.

ಇಷ್ಟವಾದದ್ದು ಕಂಡರೆ ಆಗಲೇ ತಗೊಳ್ಳಿ. ‘ಒಂದು ಸುತ್ತು ಹಾಕಿ ಬರ್ತೀನಿ’ ಅಂತ ಬಿಟ್ಟುಹೋದ ಬುಟ್ಟಿ ಅಂಗಡಿ ನನಗೆ ಮತ್ತೆ ಸಿಗಲೇ ಇಲ್ಲ. ಓಣಿಗಳೆಲ್ಲ ಒಂದೇ ಥರ ಕಾಣುತ್ತವೆ. ಅಂಗಡಿ ನಂಬರಿನ ಫೋಟೊ ತೆಗೆದಿಡಿ. ಮನೆಯವರು ಚದುರಿದರೆ ಸೇರಲು ನಡುವಿನ ಗಡಿಯಾರದ ಗೋಪುರ ಗುರುತಿಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಊಟವೇ ದೊಡ್ಡ ತಲೆನೋವು. ಬರೀ ತರಕಾರಿ ಪಲ್ಯ ಅಂದರೂ ಅದಕ್ಕೆ ಮೀನಿನ ಸಾಸ್ ಬಿದ್ದಿರುತ್ತದೆ. ‘ಜೇ’ ಅಂತ ಕೇಳಿ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರಲ್ಲ, ಬೆಳ್ಳುಳ್ಳಿ ಕೂಡ. ಆ ಅಂಗಡಿಗಳಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುತ್ತದೆ, ನೋಡಲು 17 ಇದ್ದಂತೆ. ನಮ್ಮ ಬಾವುಟದ್ದೇ ಬಣ್ಣ, ಮರೆಯೋ ಮಾತೇ ಇಲ್ಲ ಅಲ್ವಾ?

ಏನೂ ಸಿಗದಿದ್ದರೆ ಮಾವಿನಹಣ್ಣು, ಅಂಟು ಅನ್ನ, ಮೇಲೆ ಉಪ್ಪು–ಸಿಹಿ ಬೆರೆತ ತೆಂಗಿನ ಹಾಲು. ನಾನಂತೂ ಎರಡು ತಟ್ಟೆ ಖಾಲಿ ಮಾಡಿದೆ.