ಕರಡು ಪ್ರತಿಗೆ ಒಪ್ಪಿಗೆ ಬಿದ್ದ ಮೇಲೆ ಉತ್ತರ

"ಪ್ರಶ್ನೆ ಕೇಳಲೆಂದೇ ಜನರನ್ನು ಕರೆದರೆ ಇದ್ದ ವಿಶ್ವಾಸಿಗಳೂ ಕೈಬಿಟ್ಟು ಹೋಗುತ್ತಾರೆ. ನಿಮ್ಮ ಕೂಟ ಕ್ರಿಸ್ಮಸ್ ಕಾಣುವುದಿಲ್ಲ" ಎಂದು ನಮ್ಮ ಸಭೆಯ ಹಿರಿಯರೊಬ್ಬರು ಚರ್ಚಿನ ಮೆಟ್ಟಿಲ ಮೇಲೆಯೇ ಹೇಳಿದ್ದರು. ಮೈಸೂರಿನ ಬನ್ನಿಮಂಟಪದ ನಮ್ಮ ಮನೆಯ ಶನಿವಾರದ ಕೂಟ ಈಗ ಮೂರು ಕ್ರಿಸ್ಮಸ್ ಕಂಡಿದೆ. ಆ ಹಿರಿಯರೂ ಬರುತ್ತಾರೆ. ಫ್ಯಾನಿನ ಕೆಳಗಿನ ಕುರ್ಚಿ ಅವರದೇ.

ಕೂಟ ನಡೆಸುವವರಿಗೆ ಕೀರ್ತನೆ ಆರಿಸುವುದನ್ನು, ಪ್ರಾರ್ಥನೆ ಹಂಚುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ನಂಬಿಕೆಯ ಬುಡಕ್ಕೇ ಕೈಹಾಕುವ ಪ್ರಶ್ನೆ ಬಂದಾಗ ಬಾಯಿ ಹೇಗೆ ತೆರೆಯಬೇಕು, ಅದಷ್ಟೇ ನನ್ನ ವಿಷಯ.

ಮೊದಲು ದುಡ್ಡು ಕಳೆದುಕೊಂಡೆ. ನಾನು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ದುಡಿದವನು. ಹಳೆಯ ಪರಿಚಯದಲ್ಲಿ ಸಾವಿರ ಕರಪತ್ರ ಹಾಕಿಸಿದೆ: "ನಿಮ್ಮ ಸಂದೇಹಗಳಿಗೆ ಬೈಬಲಿನ ಉತ್ತರ". ಕಾಗದ, ಶಾಯಿ, ಬಾಡಿಗೆಯ ಸಭಾಂಗಣ, ಮೈಕ್ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಬಂದವರು ಹನ್ನೊಂದು ಮಂದಿ, ಅದರಲ್ಲಿ ಮೂವರು ನನ್ನ ಹೆಂಡತಿಯ ಕಡೆಯ ನೆಂಟರು. ಮುಂದಿನ ವಾರ ಮಂಡಿ ಮೊಹಲ್ಲಾದಲ್ಲಿ ಮೆಣಸಿನಕಾಯಿ ಬಜ್ಜಿ ಕೊಂಡರೆ ಅದನ್ನು ಸುತ್ತಿದ್ದು ನನ್ನದೇ ಕರಪತ್ರದಲ್ಲಿ. ಅಷ್ಟು ಎಣ್ಣೆ ಕುಡಿದಿದ್ದರೂ "ಉತ್ತರ" ಎಂಬ ಅಕ್ಷರ ಒಂದಿಷ್ಟೂ ಕದಡಿರಲಿಲ್ಲ. ಆ ಮಟ್ಟಿಗೆ ಕೆಲಸ ಚೆನ್ನಾಗಿತ್ತು.

ಎರಡನೆಯ ಸೋಲನ್ನು ಹೇಳಲು ನಾಚಿಕೆಯಾಗುತ್ತದೆ. ಕೂಟವನ್ನು ಮನೆಗೆ ತಂದ ಮೊದಲ ತಿಂಗಳಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಬಂದಿದ್ದಳು. ತಮ್ಮನನ್ನು ಕಳೆದುಕೊಂಡವಳು. "ಎಲ್ಲರೂ ದೇವರ ಚಿತ್ತ ಎನ್ನುತ್ತಾರೆ. ಹಾಗೆಂದರೆ ಏನು ಅಂಕಲ್?" ಎಂದು ಕೇಳಿದಳು. ನಾನು ಹತ್ತು ನಿಮಿಷದಲ್ಲಿ ಬೈಬಲಿನ ನಾಲ್ಕು ವಚನ ತೆಗೆದು ಓದಿದೆ. ಅವಳು ಚಹಾ ಮುಟ್ಟದೆ ಎದ್ದು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಹೋದಳು. ಎಂಟು ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ದಾರಿ ಹೊಳೆದದ್ದು ನನ್ನ ಕಸುಬಿನಿಂದಲೇ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಒಬ್ಬರ ಸ್ಮರಣ ಸಂಚಿಕೆಯಲ್ಲಿ ಒಂದು ವಾಕ್ಯ ತಪ್ಪೆಂದು ತಿಳಿದು ನಾನೇ ತಿದ್ದಿಬಿಟ್ಟಿದ್ದೆ. ಅವರು ಹೇಳಹೊರಟದ್ದೇ ಬೇರೆ. ಐದುನೂರು ಪ್ರತಿಯಲ್ಲಿ ಆ ಹಾಳೆಯನ್ನು ಕಿತ್ತು ಮತ್ತೆ ಹೊಲಿಯಬೇಕಾಯಿತು, ನನ್ನ ಸಂಬಳದಲ್ಲಿ ಎರಡು ತಿಂಗಳು ಮುರಿದುಕೊಂಡರು. ಅಂದಿನಿಂದ ಲೇಖಕರು ಕರಡು ನೋಡಿ ಸಹಿ ಹಾಕದೆ ನಾನು ಯಂತ್ರಕ್ಕೆ ಏರಿಸಿದವನಲ್ಲ. ಕೂಟದಲ್ಲಿ ಮಾತ್ರ ಎದುರಿನವರ ಮಾತನ್ನು ನನಗೆ ತೋಚಿದಂತೆ ತಿದ್ದಿಕೊಂಡು, ಅದಕ್ಕೇ ಉತ್ತರ ಅಚ್ಚು ಮಾಡಿ ಕೊಡುತ್ತಿದ್ದೆ.

ಈಗ ಕ್ರಮ ಇಷ್ಟೇ. ಅವರ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ನಾನು ತಿರುಗಿ ಹೇಳಬೇಕು. ಅದೇ ಕರಡು. "ಹೌದು, ಇದೇ" ಎಂದು ಅವರ ಬಾಯಿಂದ ಬರುವವರೆಗೆ ಉತ್ತರವಿಲ್ಲ. ಕೃಪೆ, ರಕ್ಷಣೆ, ಚಿತ್ತ ಮುಂತಾದ ನಮ್ಮ ಸಭೆಯ ಪದಗಳು ಕರಡಿನಲ್ಲಿ ಬರಕೂಡದು. ಸಾಮಾನ್ಯವಾಗಿ ಮೂರನೆಯ ಕರಡಿಗೆ ಒಪ್ಪಿಗೆ ಬೀಳುತ್ತದೆ.

ಕಳೆದ ಮಳೆಗಾಲದಲ್ಲಿ ಎಂಜಿನಿಯರಿಂಗ್ ಹುಡುಗನೊಬ್ಬ 1950ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಂಟನಿ ಫ್ಲೂ ಎಂಬ ತತ್ತ್ವಜ್ಞಾನಿ ಹೇಳಿದ ಕಥೆ ತಂದ. ಕಾಡಿನ ನಡುವೆ ಹೂವೂ ಕಳೆಯೂ ಬೆಳೆದ ಜಾಗ. ಇದಕ್ಕೊಬ್ಬ ತೋಟಗಾರನಿದ್ದಾನೆ ಎಂದು ಒಬ್ಬ, ಇಲ್ಲವೆಂದು ಇನ್ನೊಬ್ಬ. ಕಾವಲು ಕೂತರು, ವಿದ್ಯುತ್ ಬೇಲಿ ಹಾಕಿದರು, ಮೂಸುವ ನಾಯಿ ಬಿಟ್ಟರು. ಯಾರೂ ಸಿಗಲಿಲ್ಲ. ಆದರೂ ಮೊದಲನೆಯವನದು ಒಂದೇ ಪಟ್ಟು: ತೋಟಗಾರ ಕಾಣದವನು, ಮುಟ್ಟಲಾಗದವನು, ವಾಸನೆಯಿಲ್ಲದವನು. "ಅಂಥ ತೋಟಗಾರನಿಗೂ ಇಲ್ಲದ ತೋಟಗಾರನಿಗೂ ಏನು ವ್ಯತ್ಯಾಸ ಅಂಕಲ್?"

"ದೇವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎನ್ನುತ್ತೀಯ" ಎಂದೆ. ಅಲ್ಲ ಎಂದ. "ಸಾಕ್ಷಿ ಸಾಲದು ಎನ್ನುತ್ತೀಯ." ಅದೂ ಅಲ್ಲ. ಚಹಾ ಕುಡಿದೆವು. "ಏನೇ ಆಗಲಿ, ಸುಳ್ಳಾಗದ ಹಾಗೆ ನಾನು ಮಾತನ್ನು ತಿರುಗಿಸುತ್ತಲೇ ಹೋದರೆ, ಕೊನೆಗೆ ನಾನು ಏನನ್ನೂ ಹೇಳಿದಂತೆ ಆಗುವುದಿಲ್ಲ." ಹುಡುಗ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ. "ಹೌದು, ಇದೇ."

"ಅವನ ಕತ್ತಿಗೆ ನೀವೇ ಸಾಣೆ ಹಿಡಿದುಕೊಟ್ಟಿರಲ್ಲ!" ಎಂದು ಫ್ಯಾನಿನ ಕೆಳಗಿನ ಹಿರಿಯರು ಕಿಡಿಯಾದರು.

ಸಾಣೆ ಹಿಡಿದ ಮೇಲೆಯೇ ನನಗೆ ಉತ್ತರ ಕಂಡಿತು. ನಮ್ಮ ಮಾತು ಸುಳ್ಳಾಗಲು ಜಾಗವಿದೆ. ಕ್ರಿಸ್ತನು ಸತ್ತವರೊಳಗಿಂದ ಎದ್ದು ಬರದಿದ್ದರೆ ನಮ್ಮ ಬೋಧನೆಯೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಎಂದು ಬೈಬಲಿನಲ್ಲಿ ಅಪೊಸ್ತಲ ಪೌಲನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿದೆ. ಅದನ್ನೇ ತೋರಿಸಿ, "ಕ್ರಿಸ್ತನ ಸಮಾಧಿ ಬರಿದಾಗಿರಲಿಲ್ಲ ಎಂದಾದರೆ ನನ್ನ ಅಂಗಡಿ ಮುಚ್ಚಿದಂತೆ. ಇನ್ನು ಲೋಕದ ನೋವು ನನ್ನ ನಂಬಿಕೆಗೆ ವಿರುದ್ಧದ ಲೆಕ್ಕವೇ. ಅದನ್ನು ಅಳಿಸಿ ಹಾಕುವುದಿಲ್ಲ" ಎಂದೆ. ಈ ಎರಡನೆಯ ಮಾತು ಪೂರ್ತಿ ನನ್ನದಲ್ಲ. ಫ್ಲೂಗೆ ಉತ್ತರ ಕೊಟ್ಟ ತತ್ತ್ವಜ್ಞಾನಿ ಬೇಸಿಲ್ ಮಿಚೆಲ್ ಹೆಚ್ಚುಕಡಿಮೆ ಹೀಗೆಯೇ ಹೇಳಿದ್ದನೆಂದು ಆ ಹುಡುಗನೇ ಮುಂದಿನ ವಾರ ಓದಿ ಬಂದು ತಿಳಿಸಿದ. ಅವನಿನ್ನೂ ನಂಬಿಲ್ಲ. ತಪ್ಪದೆ ಬರುತ್ತಾನೆ.

ನಡುವೆ ಕೆಲವು ಪ್ರಯೋಗಗಳೂ ಆದವು. ಯೋಹಾನನ ಸುವಾರ್ತೆಯ ಮೊದಲ ಸಾಲು ಹಿಡಿದು, "ಆದಿಯಲ್ಲಿ ವಾಕ್ಯವಿತ್ತು ಎಂದರೆ ಕರ್ತೃ, ಕರ್ಮ, ಕ್ರಿಯಾಪದ ಇರುವ ವಾಕ್ಯವೇ?" ಎಂದು ಹೈಸ್ಕೂಲ್ ಹುಡುಗಿಯೊಬ್ಬಳು ಕೇಳಿದ್ದಳು. ಅಲ್ಲಿರುವ ಮೂಲ ಗ್ರೀಕ್ ಪದ ಲೋಗೋಸ್‌ಗೆ ಮಾತು, ನುಡಿ, ಅರ್ಥ ಹೀಗೆ ಒಂದೊಂದು ವಾರ ಒಂದೊಂದು ಪದ ಹಾಕಿ ಓದಿಸಿದೆ. ನನಗೆ "ನುಡಿ" ಹಿಡಿಸಿತು, ಹಳಬರು "ವಾಕ್ಯ" ಬಿಟ್ಟುಕೊಡಲಿಲ್ಲ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಪಕ್ಕ ಅವನ ಗೆಳೆಯರು ಏಳು ದಿನ ಸುಮ್ಮನೆ ಕೂತಿದ್ದರಲ್ಲ, ನಾವು ಏಳು ನಿಮಿಷ ಕೂರೋಣ ಎಂದು ನೋಡಿದೆ. ಮೂರನೆಯ ನಿಮಿಷಕ್ಕೆ ಗ್ಯಾಸ್ ಸಿಲಿಂಡರಿನವನು ಬಂದ.

ಪ್ರಶ್ನೆಯ ನೆಪದಲ್ಲಿ ಭಾಷಣ ಮಾಡುವವರಿಗೆ ಬೇರೆ ಉಪಾಯವಿದೆ. ಅದಕ್ಕೊಂದು ಸ್ಟೀಲ್ ಲೋಟ ಬೇಕು. ಇದಕ್ಕಿಂತ ಹೆಚ್ಚು ಹೇಳಲಾರೆ, ನಮ್ಮ ಕೂಟದಲ್ಲಿ ಇಬ್ಬರು ಇನ್ನೂ ಅದಕ್ಕೆ ಬೀಳುತ್ತಿದ್ದಾರೆ.

ಖರ್ಚು ಈಗ ವಾರಕ್ಕೆ ಇನ್ನೂರೈವತ್ತು, ಮುನ್ನೂರು. ಚಹಾ, ಬಿಸ್ಕತ್ತು, ಯಾರಾದರೂ ಮಂಡ್ಯದ ಕಡೆಯಿಂದ ಬಂದರೆ ಮದ್ದೂರು ವಡೆ. ಅರ್ಧ ಡಬ್ಬಿಯಲ್ಲಿ ಬೀಳುತ್ತದೆ. ಒಂಬತ್ತು ಸಾವಿರದಲ್ಲಿ ಎಷ್ಟು ಶನಿವಾರ ನಡೆಯುತ್ತಿತ್ತು ಎಂದು ಹೆಂಡತಿ ಆಗಾಗ ಲೆಕ್ಕ ಹಾಕಿ ತೋರಿಸುತ್ತಾಳೆ.

ನರ್ಸಿಂಗ್ ಹುಡುಗಿಯನ್ನು ಗೆಳತಿಯೊಬ್ಬಳು ಮತ್ತೆ ಕರೆತಂದಳು. ಅದೇ ಪ್ರಶ್ನೆ, ದೇವರ ಚಿತ್ತ ಎಂದರೆ ಏನು ಎಂದು. ಈ ಸಲ ಬೈಬಲ್ ಮುಚ್ಚಿಟ್ಟು ಕರಡು ಹೇಳಿದೆ. ಎರಡು ಬಿದ್ದುಹೋದವು. ಮೂರನೆಯದು: "ತಮ್ಮ ಏಕೆ ಸತ್ತ ಎಂದು ನೀನು ಕೇಳುತ್ತಿಲ್ಲ. ಆ ಎರಡು ಪದ ಹೇಳಿ ಎಲ್ಲರೂ ಅವನ ಬಗ್ಗೆ ಮಾತನ್ನೇ ನಿಲ್ಲಿಸಿಬಿಟ್ಟರು ಎನ್ನುತ್ತಿದ್ದೀಯ." ಅವಳು ತಲೆಯಾಡಿಸಿ ಲೋಟ ಎತ್ತಿಕೊಂಡಳು. ಉತ್ತರ ನನ್ನ ಬಳಿ ಇರಲಿಲ್ಲ, ಇಲ್ಲವೆಂದೇ ಹೇಳಿದೆ. ಅವನ ಹೆಸರೇನಮ್ಮಾ ಎಂದು ಕೇಳಿದೆ. ಅಂದು ರಾತ್ರಿ ಒಂಬತ್ತರವರೆಗೆ ಅವಳು ಅವನ ವಿಷಯವನ್ನೇ ಹೇಳಿದಳು.