ಕಾಗದದ ಮೇಲೆ ನಾನು ಮೂರು ಜನ: ರೇರಾ ಲೈಸೆನ್ಸ್ ತಗೊಂಡ ಕಥೆ

ನಾನು ತುಮಕೂರಿನ ಸೈಟು ಬ್ರೋಕರ್. 2022ರಲ್ಲಿ ಗುಬ್ಬಿ ರಸ್ತೆಯ ಒಂದು ಲೇಔಟಿನಲ್ಲಿ ನಾಲ್ಕು ಸೈಟು ಮಾರಿಸಿದೆ. ಅದು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸೋ ಸರ್ಕಾರಿ ಪ್ರಾಧಿಕಾರದಲ್ಲಿ, ನೋಂದಣಿ ಆದ ಲೇಔಟು. ಕೊಳ್ಳೋ ಪಾರ್ಟಿಗಳು ನನ್ನವರು, ಪೆಟ್ರೋಲು ನನ್ನದು, ಭಾನುವಾರದ ಬಿಸಿಲಲ್ಲಿ ಸೈಟಿನ ಗಡಿ ಕಲ್ಲು ಹುಡುಕಿ ತೋರಿಸಿದವನೂ ನಾನೇ. ಕಮಿಷನ್ ಬಿಲ್ಲು ಮಾತ್ರ ನಮ್ಮೂರಿನ ಹಿರಿಯ ಬ್ರೋಕರ್ ಒಬ್ಬರ ಹೆಸರಿಗೆ, ಯಾಕೆಂದರೆ ರೇರಾ ಏಜೆಂಟ್ ನಂಬರ್ ಇದ್ದದ್ದು ಅವರ ಹತ್ತಿರ. ಅರ್ಧ ಕಮಿಷನ್ ಹಿಡಿದುಕೊಂಡು, "ನಂಬರಿಗೂ ಬಾಡಿಗೆ ಬೇಡವೇನಪ್ಪ?" ಅಂದರು. ನನ್ನದೇ ನಂಬರ್ ತಗೋಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಬಟವಾಡಿಯ ಟೀ ಅಂಗಡಿ ಹತ್ತಿರ ನಮ್ಮ ಬ್ರೋಕರ್‌ಗಳಿಗೆ ಹೇಳಿದರೆ ನಕ್ಕರು. "ರೆವಿನ್ಯೂ ಸೈಟು, ಹಳೇ ಮನೆ ಮಾಡಿಸೋನಿಗೆ ರೇರಾ ಯಾಕೋ? ಇಪ್ಪತ್ತೈದು ಸಾವಿರಕ್ಕೆ ಒಂದು ಪೇಪರ್ ತಗೊಂಡು ಫ್ರೇಮ್ ಹಾಕಿಸ್ತೀಯಾ?" ಹಳೇ ಮನೆ ವ್ಯಾಪಾರಕ್ಕೆ ಬೇಕಿಲ್ಲ, ಅದರಲ್ಲಿ ಸುಳ್ಳಿಲ್ಲ. ಆದರೆ ನಂಬರ್ ಇಲ್ಲದೆ ರೇರಾ ಪ್ರಾಜೆಕ್ಟಿಗೆ ಕೈ ಹಾಕಿದರೆ ದಿನಕ್ಕೆ 10,000 ದಂಡ, ಸೈಟಿನ ಬೆಲೆಯ ಶೇ. 5ರವರೆಗೂ ಏರಬಹುದು. ನಮಗೆ ಬರೋದು ಎರಡು ಪರ್ಸೆಂಟು. ಲೆಕ್ಕ ಅವರೇ ಹಾಕಿಕೊಳ್ಳಲಿ ಅಂತ ಸುಮ್ಮನಾದೆ.

ಮೊದಲು ನನ್ನ ಭಾಮೈದನ ಜೊತೆ ಪಾರ್ಟ್‌ನರ್‌ಶಿಪ್ ಮಾಡಿ ಅರ್ಜಿ ಹಾಕೋಣ ಅಂತಿತ್ತು. "ಭಾವ, ಕಂಪನಿ ಹೆಸರಲ್ಲಿದ್ದರೆ ಒಂದು ಗತ್ತು" ಅಂದ. ಒಬ್ಬನೇ ಆದರೆ 25,000, ಸಂಸ್ಥೆ ಆದರೆ 2 ಲಕ್ಷ ಅಂತ ಗೊತ್ತಾದ ಮೇಲೆ ಅವನ ಗತ್ತೂ ಇಳಿಯಿತು. ಅಷ್ಟರಲ್ಲಿ ಪಾರ್ಟ್‌ನರ್‌ಶಿಪ್ ಡೀಡ್ ಬರೆಸೋಕೆ ಸಾವಿರದ ಇನ್ನೂರೋ ಮುನ್ನೂರೋ ಕೈ ಬಿಟ್ಟಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಬೆಂಗಳೂರಿನಲ್ಲಿ "ಎಲ್ಲಾ ನಾವೇ ಮಾಡಿಸಿಕೊಡ್ತೀವಿ" ಅನ್ನೋ ಒಬ್ಬರಿಗೆ 6,000 ಕೊಟ್ಟೆ. ಅವರಿಗೆ ಮಾಡೋಕೆ ಇದ್ದ ಕೆಲಸ ಅಂದರೆ ನನ್ನ ಕಾಗದಗಳನ್ನು ಆನ್‌ಲೈನ್‌ಗೆ ಏರಿಸೋದು. ಅದರಲ್ಲೂ ಪ್ಯಾನ್ ಕಾರ್ಡು ಏರಿಸಬೇಕಾದ ಜಾಗದಲ್ಲಿ ಆಧಾರಿನ ಹಿಂಬದಿ. ಕಾಗದ ಸರಿಯಿಲ್ಲ ಅಂತ ರೇರಾದಿಂದ ಕ್ವೆರಿ ಬಂದಿದ್ದೂ ನನಗೆ ತಿಳಿಸಲಿಲ್ಲ. ಒಂದೂವರೆ ತಿಂಗಳು ಫೋನ್ ಮಾಡಿದೆ, ಮೊದಲು ರಿಂಗ್ ಆಗುತ್ತಿತ್ತು, ಆಮೇಲೆ ಅದೂ ಇಲ್ಲ. ಆ ದುಡ್ಡಿನ ಆಸೆ ಬಿಟ್ಟು ಲಾಗಿನ್ನು ನಾನೇ ತೆಗೆದು ನೋಡಿದೆ.

ನೋಡಿದಾಗ ನಾಚಿಕೆ ಆಯಿತು. ಮಾರೋರ ಹೆಸರು ಮದರ್ ಡೀಡಿನಲ್ಲಿ, ಅಂದರೆ ಆಸ್ತಿಯ ಮೂಲ ಪತ್ರದಲ್ಲಿ, ಒಂದು ಥರ, ಖಾತೆಯಲ್ಲಿ ಇನ್ನೊಂದು ಥರ ಇದ್ದರೆ ಟೋಕನ್ ಅಡ್ವಾನ್ಸ್ ಕೊಡಬೇಡಿ ಅಂತ ಪಾರ್ಟಿಗೆ ದಿನಾ ಪಾಠ ಮಾಡೋನು ನಾನು. ನನ್ನ ಕಾಗದಗಳ ಮೇಲೆ ನಾನೇ ಮೂರು ಜನ! ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ಲು. ಪ್ಯಾನ್‌ನಲ್ಲಿ ಆ ಇನಿಷಿಯಲ್ಲುಗಳನ್ನು ಬಿಡಿಸಿ, ಊರಿನ ಹೆಸರೂ ಅಪ್ಪನ ಹೆಸರೂ ಸೇರಿ ಗೂಡ್ಸ್ ರೈಲಿನಷ್ಟು ಉದ್ದ. ಆಫೀಸ್ ವಿಳಾಸಕ್ಕೆ ಅಂತ ಕೊಟ್ಟ ಅಂಗಡಿಯ ಬಾಡಿಗೆ ಕರಾರಿನಲ್ಲಿ ಮನೇಲಿ ಕರೆಯೋ ಹೆಸರು. 50 ರೂಪಾಯಿ ಕೊಟ್ಟು ಆಧಾರನ್ನು ಪ್ಯಾನಿನ ಥರ ಮಾಡಿಸಿದೆ. ಎಲ್ಲಾ ಹೆಸರೂ ಒಬ್ಬನದೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್. ಕರಾರು ಹೊಸದಾಗಿ ಬರೆಸೋಕೆ ಹೋದರೆ ಅಂಗಡಿ ಓನರ್ ಅಜ್ಜಿ ಹೆಬ್ಬೆಟ್ಟು ಒತ್ತಲೇ ಇಲ್ಲ. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಎಂಟು ಬೈ ಹತ್ತು ಅಡಿ ಜಾಗ. "ಸರ್ಕಾರಕ್ಕೆ ಬರೆದುಕೊಟ್ಟರೆ ನಾಳೆ ನಿನ್ನದೇ ಅಂತೀಯ" ಅಂತ ಹಟ. ಹನ್ನೊಂದು ತಿಂಗಳದ್ದು ಅಷ್ಟೇ ಅಜ್ಜಿ ಅಂತ ಮೂರು ಸಲ ಹೋಗಿ ಒಪ್ಪಿಸಿದೆ. ಕೋಟಿ ರೂಪಾಯಿ ವ್ಯಾಪಾರದಲ್ಲೂ ಇಷ್ಟು ಬಾಯಿ ಸವೆದಿರಲಿಲ್ಲ.

ನಮ್ಮ ಬ್ರೋಕರ್‌ಗಳು ಹೆಚ್ಚಾಗಿ ಹಿಂದೆ ಸರಿಯೋದು ಅರ್ಜಿಗೆ ಮೂರು ವರ್ಷದ ಐಟಿ ರಿಟರ್ನ್ ಬೇಕು ಅಂದ ಕೂಡಲೇ. ನಾನು 2019-20ರದ್ದು ಬ್ಯಾಂಕ್ ಸಾಲಕ್ಕೆ ಅಂತ ಹಾಕಿಸಿದ್ದೆ. 2020-21 ಕೊರೊನಾ, ಆದಾಯವೇ ಇಲ್ಲ. ಅದಕ್ಕೆ ರಿಟರ್ನ್ ಹಾಕೋ ಮಟ್ಟದ ಆದಾಯ ಇರಲಿಲ್ಲ ಅಂತ ಡಿಕ್ಲರೇಷನ್ ಕೊಟ್ಟೆ, ನಿಯಮದಲ್ಲೇ ಅವಕಾಶ ಇದೆ. 2021-22ರದ್ದು ಡ್ಯೂ ಡೇಟ್ ದಾಟಿತ್ತು, ಸಾವಿರ ರೂಪಾಯಿ ಲೇಟ್ ಫೀ ಕಟ್ಟಿ ಹಾಕಿಸಿದೆ. ಆಡಿಟರ್‌ಗೆ ಸಾವಿರದ ಐನೂರು. ಡಿಕ್ಲರೇಷನ್ನಿನ ಒಕ್ಕಣೆ ನಾನೇ ಕೂತು ಬರೆದದ್ದು. ಅದನ್ನು ಯಾರಿಗೂ ಫಾರ್ವರ್ಡ್ ಮಾಡಿಲ್ಲ, ಮಾಡೋದೂ ಇಲ್ಲ.

ಕ್ವೆರಿಗೆ ಉತ್ತರ ಹಾಕಿ, ಸಮಾಧಾನ ಇಲ್ಲದೆ ಬೆಳಗಿನ ಟ್ರೈನು ಹತ್ತಿ ಬೆಂಗಳೂರಿನ ಮಿಷನ್ ರಸ್ತೆಯ ರೇರಾ ಆಫೀಸಿಗೂ ಒಮ್ಮೆ ಹೋಗಿ ಬಂದೆ. ಹೋಗೋ ಅಗತ್ಯ ಇರಲಿಲ್ಲ, ಎಲ್ಲಾ ಆನ್‌ಲೈನೇ. ಮೂರು ವಾರ ಆಗಿರಬೇಕು, ಸರ್ಟಿಫಿಕೇಟು ಬಂತು. ನಡುವೆ ಎಜಿ ಅಂತ ಬರೋ ಆ ಉದ್ದ ನಂಬರು, ಐದು ವರ್ಷಕ್ಕೆ. ಫೀ ಸೇರಿ ಒಟ್ಟು 36,000 ಹತ್ತಿರ ಹೋಗಿದೆ, ಅದರಲ್ಲಿ ಏಳು ಸಾವಿರ ಶುದ್ಧ ದಂಡ.

ಖುಷಿಗೆ ಅಂಗಡಿ ಮುಂದೆ ನಂಬರ್ ಸಮೇತ ದೊಡ್ಡ ಬೋರ್ಡ್ ಹಾಕಿಸಿದೆ, 2,800. ಮೊದಲ ವಾರ ಬಂದ ಇಬ್ಬರೂ ಪಹಣಿ ತೆಗೆಸೋಕೆ ಬಂದವರು, ಸರ್ಕಾರಿ ಆಫೀಸು ಅಂದುಕೊಂಡಿದ್ದರಂತೆ. ಒಬ್ಬರು ಟೋಕನ್ ಎಲ್ಲಿ ಕೊಡ್ತೀರ ಅಂತ ಕೇಳಿ ಕೂತೂಬಿಟ್ಟರು. ಬೋರ್ಡಿಂದ ಇವತ್ತಿಗೂ ಒಂದೇ ಒಂದು ಪಾರ್ಟಿ ಬಂದಿಲ್ಲ. ಅದೇ ನಂಬರನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿದ ಮೇಲೆ ಬೆಂಗಳೂರು ಪಾರ್ಟಿಗಳು ಮಾತಾಡೋ ಧಾಟಿಯೇ ಬದಲಾಯಿತು. ಕಾರ್ಡನ್ನು ಯಾವಾಗ ಕೈಗೆ ಕೊಡಬೇಕು ಅನ್ನೋದರಲ್ಲೂ ಒಂದು ವರಸೆ ಇದೆ, ಅದು ನನ್ನ ಹತ್ತಿರವೇ ಇರಲಿ.

2023ರಲ್ಲಿ ಅದೇ ಗುಬ್ಬಿ ರಸ್ತೆ ಲೇಔಟಿನಲ್ಲಿ ಮೂವತ್ತು ಬೈ ನಲವತ್ತು ಅಡಿಯ ಒಂದು ಸೈಟು ಮಾರಿಸಿದೆ. ಚದರಡಿಗೆ 2,200, ಅಂದರೆ 26 ಲಕ್ಷ 40 ಸಾವಿರ. ಎರಡು ಪರ್ಸೆಂಟು ಕಮಿಷನ್ 52,800. ಶೇ. 5 ಟಿಡಿಎಸ್, ಅಂದರೆ ಕೊಡೋವಾಗಲೇ ಕಡಿಯೋ ಆದಾಯ ತೆರಿಗೆ, ಹಿಡಿದು ಐವತ್ತು ಸಾವಿರದ ಚಿಲ್ಲರೆ ನೇರ ನನ್ನ ಅಕೌಂಟಿಗೆ. ಹಿಡಿದದ್ದನ್ನೂ ರಿಟರ್ನ್ ಹಾಕಿ ವಾಪಸ್ ತಗೊಂಡೆ. ಒಂದೇ ಸೈಟಿಗೆ ಅಸಲು ಬಂತು.

ಹೋದ ತಿಂಗಳು ಆ ಹಿರಿಯರು ಫೋನ್ ಮಾಡಿದ್ದರು. ಅವರ ನಂಬರಿನ ಅವಧಿ ಮುಗಿದಿದೆಯಂತೆ, ರಿನ್ಯೂವಲ್ ಮಾಡಿಸಿಲ್ಲವಂತೆ. ಕೈಯಲ್ಲಿ ಒಂದು ಪಾರ್ಟಿ ಇದೆ, ಬಿಲ್ಲು ನಿನ್ನ ಹೆಸರಲ್ಲಿ ಆಗುತ್ತಾ ಅಂತ ಕೇಳಿದರು. "ಆಗಲ್ಲ ಸಾರ್, ಕಾಗದ ತಗೊಂಡು ಬನ್ನಿ, ನಿಮ್ಮ ನಂಬರಿಗೆ ಕೂತು ಅರ್ಜಿ ಹಾಕಿಕೊಡ್ತೀನಿ" ಅಂದೆ. ಬಂದರು. ಆಧಾರ್, ಪ್ಯಾನ್ ಪಕ್ಕಪಕ್ಕ ಇಟ್ಟು ನೋಡಿದೆ. ಅವರೂ ಇಬ್ಬರಿದ್ದರು.